ನಡುಗಣದ ಕೆಂಪಯ್ಯ

ರಾಷ್ಟ್ರಧ್ವಜದ ಖಾದಿಯಿಂದ ಹೆಸರಾದ ಊರು ಧಾರವಾಡದ ಬಳಿಯ ಗರಗ. ಏರಿದ ಬಾವುಟವನ್ನು ಎಲ್ಲರೂ ಕಣ್ತುಂಬ ನೋಡುವರು. ಅದರ ನೂಲು ತೆಗೆದವರಾರು, ನೇಯ್ದವರಾರು ಎಂದು ಕೇಳುವವರು ವಿರಳ. ಕಾಲ್ಚೆಂಡಿನ ಆಟದಲ್ಲಿಯೂ ಇಂಥದೊಂದು ಕಾಯಕವುಂಟು. ಅದು ಹಾಫ್‌ಬ್ಯಾಕ್ ಆಟಗಾರನದು. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದು, ಮುಂದಿನವರಿಗೆ ಒಪ್ಪಿಸಿ, ಮರಳಿ ತನ್ನ ಠಾವಿಗೆ ಓಡುವುದೇ ಅವನ ಧರ್ಮ.

ಈ ಕಾಯಕದಿಂದ ಹೆಸರಾದ ಕನ್ನಡಿಗರು ಎಂ. ಕೆಂಪಯ್ಯನವರು. 1932ರಲ್ಲಿ ಜನಿಸಿದ ಅವರು ಕಲಕತ್ತೆಯ ಮೋಹನ ಬಾಗಾನ್ ತಂಡದ ನಡುಗಣವನ್ನೂ ಕಾದವರು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಅವರಿದ್ದ ಭಾರತ ತಂಡವು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಮನೆಮಾತಾದರು. ಮುಂದೆ ಯುಗೋಸ್ಲಾವಿಯಕ್ಕೂ ಬಲ್ಗೇರಿಯಕ್ಕೂ ಸೋತು ತಂಡ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಅದಕ್ಕಿಂತ ಮೇಲಿನ ಸ್ಥಾನ ನಮಗೆ ಇಂದಿಗೂ ದೊರೆತಿಲ್ಲ. 1960ರಲ್ಲಿ ಕೆಂಪಯ್ಯನವರು ರೋಮಿಗೂ ಹೋದರು. ಅಲ್ಲಿ ಫ್ರಾನ್ಸಿನೊಡನೆ ಆಟ 1-1ರ ಸಮವಾಯಿತು. ಆ ಬಳಿಕ ಭಾರತದ ಕಾಲ್ಚೆಂಡಿನ ತಂಡ ಒಲಿಂಪಿಕ್ಸಿನ ಅಂಗಳವನ್ನೇ ಕಂಡಿಲ್ಲ.

ಕೆಂಪಯ್ಯನವರು 2008ರಲ್ಲಿ ತೀರಿಕೊಂಡರು. ಆ ಎರಡು ಒಲಿಂಪಿಕ್ಸ್‌ಗಳ ಗೋಲುಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಬಾವುಟದ ಮೇಲೆ ನೇಕಾರನ ಹೆಸರು ಇರುವುದುಂಟೇ?