ಇಬ್ರಾಹಿಮ ಆದಿಲಶಹನೂ ಮೇಲಿನ ಒಂಬೈನೂರು ಹೊನ್ನೂ

ವಿಜಯಪುರಕ್ಕೆ ಬರುವ ಪ್ರವಾಸಿಕರಲ್ಲಿ ಹೆಚ್ಚಿನವರು ಗೋಲಗುಮ್ಮಟವನ್ನು ಹತ್ತಿ, ಒಮ್ಮೆ ಕೂಗಿ, ತಮ್ಮ ದನಿಯನ್ನೇ ಹಲವು ಸಲ ಕೇಳಿ ಸಂತೋಷಪಟ್ಟು ಹಿಂದಿರುಗುತ್ತಾರೆ. ಊರಿನ ಪಶ್ಚಿಮಕ್ಕೆ, ಕೋಟೆಯ ಹೊರಗೆ ಇರುವ ಇಬ್ರಾಹಿಮ ರೋಜಾದವರೆಗೆ ಬರುವವರು ಅವರಿಗಿಂತ ಕಡಿಮೆ. ಬಂದವರಾದರೂ ಅಲ್ಲಿಯ ಮಿನಾರುಗಳನ್ನೂ ಕಲ್ಲಿನ ಜಾಲರಿಗಳನ್ನೂ ಕಂಡು ಬೆರಗಾಗುತ್ತಾರೆಯೇ ಹೊರತು, ಬಾಗಿಲ ಮೇಲಿನ ಪಾರ್ಸಿ ಬರಹದಲ್ಲಿ ಒಂದು ಲೆಕ್ಕವಿದೆಯೆಂಬುದನ್ನು ಅರಿಯರು. ತಾಜ ಸುಲ್ತಾನಾ ಎಂಬ ರಾಣಿಯ ಅಪ್ಪಣೆಯಂತೆ, ಮಲಿಕ ಸಂದಲ ಎಂಬವನ ಮೇಲ್ವಿಚಾರಣೆಯಲ್ಲಿ ಈ ರೋಜಾ ಎದ್ದಿತೆಂದೂ, ಇದಕ್ಕೆ ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ ಒಂಬೈನೂರು ಹೊನ್ನು ಖರ್ಚಾಯಿತೆಂದೂ ಅಲ್ಲಿ ಕೆತ್ತಿದೆ. ಬರಹದ ಕಾಲ ಹಿಜರಿ 1036, ಅಂದರೆ 1626-27. ಒಂದೂವರೆ ಲಕ್ಷ ಎಂದು ನಿಲ್ಲಿಸಿದ್ದರೆ ಅದು ಆಸ್ಥಾನದ ಹೊಗಳಿಕೆಯ ಮಾತಿನಂತೆ ಕೇಳಿಸುತ್ತಿತ್ತು. ಆ ಮೇಲಿನ ಒಂಬೈನೂರು ಇದೆಯಲ್ಲ, ಅದು ವಹಿ ಬರೆಯುವ ಮನುಷ್ಯನ ಕೈ. ಆ ರೋಜಾದಲ್ಲಿ ಮಲಗಿರುವ ಅರಸನ ಜೀವನವನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ಹೇಳುವೆನು.

ಎರಡನೆಯ ಇಬ್ರಾಹಿಮ ಆದಿಲಶಹನು 1570ರ ಸುಮಾರಿಗೆ ಹುಟ್ಟಿದನು. ದೊಡ್ಡಪ್ಪನಾದ ಮೊದಲನೆಯ ಅಲಿ ಆದಿಲಶಹನಿಗೆ ಗಂಡುಮಕ್ಕಳಿರಲಿಲ್ಲ. ಆ ಅಲಿಯೂ ಕಟ್ಟುವುದರಲ್ಲಿ ಸಾಮಾನ್ಯನಲ್ಲ: ವಿಜಯಪುರದ ಕೋಟೆಯ ಹೊರಗೋಡೆ, ಗಗನ ಮಹಲು, ಜಾಮಿಯಾ ಮಸೀದಿ, ತೊರವಿಯ ಕಡೆಯಿಂದ ಊರೊಳಕ್ಕೆ ನೀರು ತರುವ ಕಾಲುವೆ, ಇವೆಲ್ಲ ಅವನ ಕಾಲದವು. 1580ರಲ್ಲಿ ಅಲಿ ಕೊಲೆಯಾದಾಗ ಇಬ್ರಾಹಿಮನಿಗೆ ಒಂಬತ್ತು-ಹತ್ತರ ವಯಸ್ಸು. ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿಯುವ ವಯಸ್ಸಿನಲ್ಲಿ ಅವನನ್ನು ಸಿಂಹಾಸನದ ಮೇಲೆ ಕೂಡ್ರಿಸಿದರು.

ಹುಡುಗ ಅರಸನ ಹೆಸರಿನಲ್ಲಿ ಆಳಲು ಹಾತೊರೆಯುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಅಲಿಯ ವಿಧವೆ ಚಾಂದಬೀಬಿ ಬಾಲಕನ ಪಾಲಕಳಾದಳು. ಕಾಮಿಲಖಾನ, ಕಿಶ್ವರಖಾನ, ಇಖ್ಲಾಸಖಾನ, ದಿಲಾವರಖಾನ ಹೀಗೆ ಒಬ್ಬನ ಹಿಂದೊಬ್ಬ ಸರದಾರ ಅಧಿಕಾರ ಹಿಡಿದನು. ಕಿಶ್ವರಖಾನನಂತೂ ಚಾಂದಬೀಬಿಯನ್ನೇ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ದಿಲಾವರಖಾನನ ಕೈಯಲ್ಲಿ ರಾಜ್ಯ ಎಂಟು ವರುಷ ಇತ್ತು. 1590ರಲ್ಲಿ ಇಪ್ಪತ್ತರ ತರುಣನಾದ ಇಬ್ರಾಹಿಮನು ಆ ಹಿಡಿತವನ್ನು ಬಿಡಿಸಿಕೊಂಡಾಗ ದಿಲಾವರಖಾನ ಓಡಿಹೋಗಬೇಕಾಯಿತು. ನಮ್ಮ ತರಗತಿಯಲ್ಲಿ ಬಹುತೇಕರು ಅದೇ ವಯಸ್ಸಿನವರು; ಮನೆಯ ಕೀಲಿಕೈಯನ್ನೂ ಇನ್ನೂ ನಮ್ಮ ಕೈಗೆ ಕೊಟ್ಟಿಲ್ಲವೆಂಬುದನ್ನು ನೆನೆದರೆ ನಗೆ ಬರುತ್ತದೆ. ಚಾಂದಬೀಬಿ ಮುಂದೆ ತನ್ನ ತವರಾದ ಅಹಮದನಗರಕ್ಕೆ ಹೋಗಿ, 1595-96ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿ ಹೆಸರಾದದ್ದು ಎಲ್ಲರಿಗೂ ತಿಳಿದ ಸಂಗತಿ.

ಇನ್ನು ಇಬ್ರಾಹಿಮನ ಆಳಿಕೆಯ ಯುದ್ಧಗಳನ್ನು ನಾನು ಬೇಗನೆ ದಾಟಿಬಿಡುವೆನು. 1594ರಲ್ಲಿ ಸ್ವಂತ ತಮ್ಮ ಇಸ್ಮಾಯಿಲನು ಬೆಳಗಾವಿಯಲ್ಲಿ ದಂಗೆಯೆದ್ದನು, ಅದು ಅಡಗಿತು. ಉತ್ತರದಿಂದ ಮೊಗಲರು ಒತ್ತುತ್ತಲೇ ಇದ್ದರು. ಅಕಬರನ ಮಗ ದಾನಿಯಾಲನಿಗೆ ಇಬ್ರಾಹಿಮನ ಮಗಳನ್ನು ಕೊಡಬೇಕಾಯಿತು. ಅವಳನ್ನು ಕರೆದೊಯ್ಯಲು ಬಂದ ಅಸದಬೇಗ ಎಂಬ ರಾಯಭಾರಿಯು ವಿಜಯಪುರದ ಪೇಟೆಯ ಸಿರಿಯನ್ನು ಬಣ್ಣಿಸಿದ್ದಾನೆ. ಇಲ್ಲಿ ಕಂಡ ತಂಬಾಕನ್ನು ಅಕಬರನ ಆಸ್ಥಾನಕ್ಕೆ ಒಯ್ದವನೂ ಅವನೇ. ಮದುವೆ ನಡೆದದ್ದು 1604ರಲ್ಲಿ. ಮರುವರುಷವೇ ದಾನಿಯಾಲ ತೀರಿಕೊಂಡನು. 1619ರಲ್ಲಿ ಬೀದರ ರಾಜ್ಯ ವಿಜಯಪುರಕ್ಕೆ ಸೇರಿತು. ಇಷ್ಟು ಸಾಕು.

ಈ ಅರಸನ ನಿಜವಾದ ಒಲವು ಎರಡರ ಮೇಲೆ, ಹಾಡು ಮತ್ತು ಕಟ್ಟಡ. ದಖನಿ ಭಾಷೆಯಲ್ಲಿ ಅವನು ರಚಿಸಿದ ಹಾಡುಗಳ ಸಂಗ್ರಹ ಕಿತಾಬ್-ಎ-ನವರಸ. ರಾಗರಾಗಗಳಾಗಿ ವಿಂಗಡಿಸಿದ ಆ ಪುಸ್ತಕದಲ್ಲಿ ಸರಸ್ವತಿಯ, ಗಣಪತಿಯ ಸ್ತುತಿಗಳಿವೆ. ಗುಲಬರ್ಗೆಯ ಬಂದೇನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಮೋತಿಖಾನ ಎಂದೂ, ಆನೆಗೆ ಆತಶಖಾನ ಎಂದೂ ಹೆಸರಿಟ್ಟು ಹಾಡಿದವನು. ಜನ ಅವನನ್ನು ಜಗದ್ಗುರು ಎಂದು ಕರೆದರು. ಪಾರ್ಸಿ ಕವಿ ಜುಹೂರಿ, ಇತಿಹಾಸಕಾರ ಫಿರಿಸ್ತ, ಚಿತ್ರಕಾರ ಫರ್ರುಖಬೇಗ, ಇವರೆಲ್ಲ ಅವನ ನೆರಳಿನಲ್ಲಿ ಬಾಳಿದವರು. ನವರಸ ಎಂಬ ಶಬ್ದ ಅವನಿಗೆ ಎಷ್ಟು ಹಿಡಿಸಿತೆಂದರೆ ಪುಸ್ತಕಕ್ಕೂ ಅದೇ ಹೆಸರು, ಹಬ್ಬಕ್ಕೂ ಅದೇ ಹೆಸರು, ಕೊನೆಗೆ ಊರಿಗೂ ಅದೇ.

ಆ ಊರಿನ ಕಥೆಯನ್ನು ತುಸು ನಿಂತು ಕೇಳಬೇಕು. 1599ರಲ್ಲಿ ಇಬ್ರಾಹಿಮನು ವಿಜಯಪುರದ ಪಶ್ಚಿಮಕ್ಕೆ, ತೊರವೆ ರಾಮಾಯಣದಿಂದ ನಮಗೆಲ್ಲ ಪರಿಚಿತವಾದ ತೊರವಿಯ ಬಳಿ, ಹೊಸ ರಾಜಧಾನಿಯನ್ನು ಆರಂಭಿಸಿದನು. ಅದೇ ನವರಸಪುರ. ಅರಮನೆಗಳು, ಸರದಾರರ ಮನೆಗಳು, ಪೇಟೆ, ಸುತ್ತ ಗೋಡೆ, ಎಲ್ಲವೂ ಹೊಸದಾಗಿ ಆಗಬೇಕು. ಇಪ್ಪತ್ತು ಸಾವಿರ ಜನ ಕೆಲಸಕ್ಕೆ ಹತ್ತಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. ಜುಹೂರಿ ಅದನ್ನು ಸ್ವರ್ಗದಂತೆ ವರ್ಣಿಸಿದ್ದಾನೆ. ಆದರೆ ಸುತ್ತಗೋಡೆ ಪೂರ್ತಿಯಾಗಲಿಲ್ಲ, ರಾಜಧಾನಿ ಅಲ್ಲಿಗೆ ಪೂರ್ತಿಯಾಗಿ ಹೋಗಲೂ ಇಲ್ಲ. 1624ರಲ್ಲಿ ಅಹಮದನಗರದ ಮಲಿಕ ಅಂಬರನು ಭಾತವಡಿಯಲ್ಲಿ ಮೊಗಲ-ವಿಜಯಪುರ ಸೈನ್ಯಗಳನ್ನು ಸೋಲಿಸಿ, ಇತ್ತ ಬಂದು ಕೋಟೆಯಿಲ್ಲದ ನವರಸಪುರವನ್ನು ಹಾಳುಗೆಡವಿದನು. ಇಪ್ಪತ್ತೈದು ವರುಷದ ದುಡಿಮೆಯಲ್ಲಿ ಇಂದು ಉಳಿದಿರುವುದು ಸಂಗೀತ ಮಹಲಿನ ದೊಡ್ಡ ಕಮಾನು, ನಾರೀ ಮಹಲು, ಅಲ್ಲಲ್ಲಿ ಗೋಡೆಯ ತುಂಡುಗಳು. ಟಿಕೋಟದ ಬಸ್ಸು ನಿತ್ಯ ತೊರವಿಯನ್ನು ಹಾಯ್ದೇ ಬರುತ್ತದೆ. ಒಳಗಿರುವ ನಾವು ಸೀಟು ಹಿಡಿಯುವ ಗಡಿಬಿಡಿಯಲ್ಲಿ ಆ ಕಡೆ ನೋಡುವುದಿಲ್ಲ. ಆ ಊರಿಗೆ ಎಷ್ಟು ಖರ್ಚಾಯಿತೆಂಬ ಬರಹ ಮಾತ್ರ ಯಾವ ಬಾಗಿಲ ಮೇಲೂ ಇಲ್ಲ. ಮುಗಿಯದ ಕೆಲಸದ ಲೆಕ್ಕವನ್ನು ಯಾರು ಕೆತ್ತಿಸುತ್ತಾರೆ?

ರೋಜಾದ ಮಾತು ಬೇರೆ. ಅದು ಮುಗಿಯಿತು, ಮತ್ತು ಅಚ್ಚುಕಟ್ಟಾಗಿ ಮುಗಿಯಿತು. ಒಂದೇ ಎತ್ತರದ ಕಟ್ಟೆಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ; ನಡುವೆ ನೀರಿನ ಹೊಂಡ. ಸಮಾಧಿಯ ಒಳಕೋಣೆ ಸುಮಾರು ನಾಲ್ವತ್ತು ಅಡಿಯ ಚೌಕ. ಅದರ ಮೇಲಿನ ಕಲ್ಲಿನ ಚಾವಣಿಯ ನಡುಭಾಗ ಸಪಾಟಾಗಿದ್ದು, ಕೆಳಗೆ ತೊಲೆಯಾಗಲಿ ಕಂಬವಾಗಲಿ ಕಾಣದು. ಕಲ್ಲುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಸುಣ್ಣದ ಗಾರೆಯ ಬಿಗಿ. ಮಸೀದಿಯ ಛಜ್ಜದ ಕೆಳಗೆ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳು ತೂಗಾಡುತ್ತಿದ್ದವು. ಕೆಲವು ಇನ್ನೂ ಇವೆ. ಗೌಂಡಿ ಕೆಲಸ ಬಲ್ಲವರು ಇಲ್ಲಿ ಬಂದರೆ ಮಿನಾರು ನೋಡುವುದಿಲ್ಲ, ಮೊದಲು ತಲೆಯೆತ್ತಿ ಆ ಚಾವಣಿಯನ್ನೇ ನೋಡುತ್ತಾರೆ. ನನ್ನ ಅಪ್ಪನೂ ಹಾಗೆಯೇ ಮಾಡಿದನು.

ಈಗ ಆ ಲೆಕ್ಕಕ್ಕೆ ಬರೋಣ. ಪಾರ್ಸಿಯವರ ಹುನ್ ಎಂಬುದು ನಮ್ಮ ಕನ್ನಡದ ಹೊನ್ನೇ. ಒಂದು ಹೊನ್ನಿನ ತೂಕ ಸುಮಾರು 3.4 ಗ್ರಾಂ. ಆ ಪ್ರಮಾಣದಂತೆ 1,50,900 ಹೊನ್ನೆಂದರೆ 513 ಕಿಲೋ ತೂಕದ ಬಂಗಾರದ ನಾಣ್ಯ. ಆ ಶತಮಾನದಲ್ಲಿ ಹೊನ್ನಿಗೆ ಮೂರರಿಂದ ನಾಲ್ಕು ಬೆಳ್ಳಿ ರೂಪಾಯಿ ಸಿಗುತ್ತಿತ್ತು. ಕಡಿಮೆಯೆಂದು ಮೂರನ್ನೇ ಹಿಡಿದರೆ 4,52,700 ರೂಪಾಯಿ. ಕೂಲಿಯ ದರ ನೋಡಬೇಕೆಂದರೆ ಅಕಬರನ ಕಾಲದ ಐನ್-ಎ-ಅಕಬರಿಯಲ್ಲಿ ಪಟ್ಟಿಯೇ ಇದೆ. ಕುಶಲತೆಯಿಲ್ಲದ ಆಳಿಗೆ ದಿನಕ್ಕೆ 2 ದಾಮ್, ಗಾರೆ ಕೆಲಸದ ಮೇಲ್ದರ್ಜೆಯವನಿಗೆ 7 ದಾಮ್. 40 ದಾಮಿಗೆ ಒಂದು ರೂಪಾಯಿ. ಅದು ಉತ್ತರದ ದರ, ನಮ್ಮ ಕಡೆಯದಲ್ಲ. ಆದರೂ ಅಂದಾಜಿಗೆ ಅಡ್ಡಿಯಿಲ್ಲ. ಎರಡು ದಾಮಿನ ಆಳು ಒಂದು ಹೊನ್ನು ಗಳಿಸಬೇಕಾದರೆ ಅರವತ್ತು ದಿನ ದುಡಿಯಬೇಕು. ಒಟ್ಟು ಹಣವನ್ನು ಕೂಲಿಯ ದಿನಗಳಾಗಿ ಮಾಡಿದರೆ ತೊಂಬತ್ತು ಲಕ್ಷದ ಐವತ್ತುನಾಲ್ಕು ಸಾವಿರ ದಿನ. ಅರ್ಧವನ್ನು ಕಲ್ಲು, ಸುಣ್ಣ, ಸಾಗಣೆ, ಕುಶಲಿಗರ ಹೆಚ್ಚಿನ ಪಗಾರ ಇವಕ್ಕೆಂದು ತೆಗೆದುಹಾಕಿದರೂ, ಸಾವಿರ ಜನ ಹನ್ನೆರಡು ವರುಷ ಎಡೆಬಿಡದೆ ದುಡಿದಷ್ಟು ಉಳಿಯಿತು. ಮೇಲಿನ ಒಂಬೈನೂರು ಹೊನ್ನಂತೂ ಒಬ್ಬ ಆಳಿನ ಐವತ್ತನಾಲ್ಕು ಸಾವಿರ ದಿನಗಳು. ಅಂದರೆ ನೂರಾನಲ್ವತ್ತೇಳು ವರುಷ. ಒಬ್ಬನ ಬಾಳಿನಲ್ಲಿ ಅದು ತೀರುವುದಿಲ್ಲ, ಅವನ ಮೊಮ್ಮಗನೂ ದುಡಿಯಬೇಕು.

ಈ ಗುಣಾಕಾರ ನನಗೆ ಹವ್ಯಾಸವಲ್ಲ. ಟಿಕೋಟ-ಬಬಲೇಶ್ವರಗಳ ನಡುವೆ ನಮ್ಮದು ಎರಡೆಕರೆ ಹೊಲ. ಅಪ್ಪ ಗೌಂಡಿಗಳ ಕೈಕೆಳಗೆ ಕಲ್ಲು, ಗಾರೆ ಹೊತ್ತವನು. ಎರಡು ವರುಷದ ಹಿಂದೆ ಹೊಲದಲ್ಲಿ ಹತ್ತು-ಹನ್ನೆರಡು ಅಡಿಯ ಒಂದು ಕೋಣೆ ಕಟ್ಟಬೇಕೆಂದು ವಹಿ ಹಾಕಿದನು. ಪಾಯಕ್ಕೆ ಹೊಲದ ಕಲ್ಲೇ ಆದೀತು. ಉಸುಕು, ಸಿಮೆಂಟು, ಒಂದು ಬಾಗಿಲು, ಒಂದು ಕಿಟಕಿ, ಮೇಲೆ ಪತ್ರಾಸು, ಹೀಗೆ ಎಂಬತ್ತೈದು ಸಾವಿರದಲ್ಲಿ ಮುಗಿಯಬೇಕೆಂಬ ಅಂದಾಜು. ಗೋಡೆ ಕಿಟಕಿಯ ಎತ್ತರಕ್ಕೆ ಬರುವಷ್ಟರಲ್ಲಿ ಎಪ್ಪತ್ತೊಂದು ಸಾವಿರ ಆಯಿತು, ಅಲ್ಲಿಗೆ ನಿಂತಿದೆ. ಅದೇ ವಹಿಯಲ್ಲಿ ಸಿಮೆಂಟಿನ ಸಾಲಿನ ಕೆಳಗೆ ನನ್ನ ಬಸ್ ಪಾಸು, ಅದರ ಕೆಳಗೆ ಪರೀಕ್ಷೆಯ ಫೀ ಬರೆದಿದೆ. ಪತ್ರಾಸಿನ ಸಾಲು ಖಾಲಿ ಇದೆ. ಅಪ್ಪ, ಅವ್ವ ಇಬ್ಬರೂ ಕಲ್ಲು ಹೊತ್ತ ದಿನಗಳಿಗೆ ವಹಿಯಲ್ಲಿ ಸಾಲೇ ಇಲ್ಲ.

ಅಮೇರಿಕೆಯ ಥೋರೋ ಎಂಬ ಲೇಖಕನೂ 1845ರಲ್ಲಿ ವಾಲ್ಡನ್ ಕೊಳದ ಬಳಿ ಇಂಥದೇ ಒಂದು ಕೋಣೆಯ ಗುಡಿಸಲು ಕಟ್ಟಿ, ಸೀಮೆಸುಣ್ಣದ ಒಂದು ಸೆಂಟಿನವರೆಗೆ ಎಲ್ಲವನ್ನೂ ಬರೆದಿಟ್ಟನು. ಒಟ್ಟು 28 ಡಾಲರು, ಹನ್ನೆರಡೂವರೆ ಸೆಂಟು. ಹಳೆಯ ಇಟ್ಟಿಗೆ, ಬಳಸಿದ ಕಿಟಕಿ ತಂದು ಉಳಿಸಿದನು. ಸಾಮಾನಿನ ಬಹುಭಾಗವನ್ನು ಬೆನ್ನ ಮೇಲೆಯೇ ಹೊತ್ತನು. ತನ್ನ ಕೆಲಸಕ್ಕೆ ಅವನೂ ಕೂಲಿ ಹಾಕಿಕೊಳ್ಳಲಿಲ್ಲ. ಅರಸನ ಕಟ್ಟಡಕ್ಕೂ ಬಡವನ ಕೋಣೆಗೂ ಇರುವ ಅಂತರ ನನಗೆ ಕಂಡದ್ದು ಇಲ್ಲಿಯೇ: ಮಲಿಕ ಸಂದಲನ ಮೊತ್ತದಲ್ಲಿ ದುಡಿದವರ ಪಗಾರ ಸೇರಿರಲೇಬೇಕು, ಸ್ವಂತ ಮನೆ ಕಟ್ಟುವವನ ಮೊತ್ತದಲ್ಲಿ ಅವನೇ ಸೇರಿರುವುದಿಲ್ಲ.

ಇರಲಿ, ಅರಸನ ಕಡೆಗೆ ತಿರುಗೋಣ. ಮಲಿಕ ಅಂಬರನ ಹಾವಳಿಯ ಮೂರು ವರುಷಗಳ ಮೇಲೆ, 1627ರ ಸಪ್ಟೆಂಬರಿನಲ್ಲಿ, ನಲ್ವತ್ತೇಳು ವರುಷ ಆಳಿದ ಇಬ್ರಾಹಿಮನು ತೀರಿಕೊಂಡನು. ರೋಜಾವನ್ನು ರಾಣಿ ತಾಜ ಸುಲ್ತಾನಾಳ ಸಲುವಾಗಿ ಎಣಿಸಿದ್ದರೂ ಅರಸನೇ ಮೊದಲು ಹೋದನು. ಈಗ ಅಲ್ಲಿ ಆರು ಗೋರಿಗಳು ಸಾಲಾಗಿವೆ: ರಾಣಿ, ಅರಸನ ತಾಯಿ, ಅರಸ, ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ಹಾಡು ಕಟ್ಟಿದವನಿಗೂ, ನವರಸಪುರವನ್ನು ಕನಸಿದವನಿಗೂ ಸಿಕ್ಕಿದ್ದು ಆ ಸಾಲಿನಲ್ಲಿ ಒಬ್ಬರಿಗೆ ಬೇಕಾದಷ್ಟು ಜಾಗ. ದುಡಿದವರಲ್ಲಿ ಹೆಸರು ಉಳಿದದ್ದು ಮಲಿಕ ಸಂದಲನೊಬ್ಬನದೇ. ಚಾವಣಿಯ ಸಪಾಟು ಕಲ್ಲನ್ನು ಮೇಲೇರಿಸಿ ಕೂಡ್ರಿಸಿದ ಕೈಗಳು ಯಾರವೋ, ಟಿಕೋಟದ ಕಡೆಯವೋ, ಬಬಲೇಶ್ವರದ ಕಡೆಯವೋ. ನಮ್ಮ ಹಳ್ಳಿಗಳಿಂದಲೂ ಆಳುಗಳು ಹೋಗಿರಬಹುದೆಂದು ಅಪ್ಪ ಬಲವಾಗಿ ನಂಬುತ್ತಾನೆ. ನಾನು ಅಲ್ಲವೆನ್ನಲು ಹೋಗಿಲ್ಲ.

ಇಬ್ರಾಹಿಮನ ಮಗ ಮಹಮ್ಮದನು ತಂದೆಗಿಂತ ದೊಡ್ಡದನ್ನು ಕಟ್ಟಹೊರಟು ಗೋಲಗುಮ್ಮಟವನ್ನು ಎತ್ತಿದನು. ಹೊರಗಿನ ಅಳತೆಯಲ್ಲಿ 144 ಅಡಿಯ ಗುಮ್ಮಟ. 1656ರಲ್ಲಿ ಅವನು ಅದರಡಿಯಲ್ಲಿ ಮಲಗಿದನು. ದಕ್ಷಿಣದ ಬಾಗಿಲ ಮೇಲೆ ಅವನ ಮರಣದ ವರುಷ ಕೆತ್ತಿದೆ, ಖರ್ಚು ಕೆತ್ತಿಲ್ಲ. ಮೊಮ್ಮಗನಾದ ಎರಡನೆಯ ಅಲಿಯು ಅದಕ್ಕೂ ಮಿಗಿಲಾದುದಕ್ಕೆ ಕೈ ಹಾಕಿದನು. 1672ರಲ್ಲಿ ಅವನು ತೀರಿಕೊಂಡಾಗ ಕಮಾನುಗಳಷ್ಟೇ ಎದ್ದಿದ್ದವು. ಬಾರಾ ಕಮಾನ ಎಂದು ಜನ ಕರೆಯುವ ಆ ಕಟ್ಟಡ ಊರ ನಡುವೆ ಮೇಲ್ಛಾವಣಿಯಿಲ್ಲದೆ ಇಂದಿಗೂ ನಿಂತಿದೆ. ಅಲಿಯ ಗೋರಿಯ ಮೇಲೆ ಮಳೆ ನೇರವಾಗಿ ಬೀಳುತ್ತದೆ.