ಪಿಯೆರ್ ದೆಗ್ರೋಪ್: ಪ್ರಭುತ್ವದ ಪರದೆಯ ಮೇಲೆ ಪ್ರಶ್ನೆಯ ದನಿ

ಎರಡನೆಯ ಮಹಾಯುದ್ಧದ ಅನಂತರ ಫ್ರಾನ್ಸಿನಲ್ಲಿ ಬೆಳೆದ ದೂರದರ್ಶನವು ಸರಕಾರದ ಸ್ವತ್ತಾಗಿತ್ತು. ಸುದ್ದಿಯ ಆಯ್ಕೆ, ಕ್ರಮ, ಒತ್ತು ಎಲ್ಲದರ ಮೇಲೂ ವಾರ್ತಾ ಸಚಿವಾಲಯದ ಕಣ್ಣಿತ್ತು. ಈ ವ್ಯವಸ್ಥೆಯ ಒಳಗಿದ್ದುಕೊಂಡೇ ಪ್ರಶ್ನಿಸುವ ಪತ್ರಿಕೋದ್ಯಮಕ್ಕೆ ಎಡೆ ದೊರಕಿಸಿದವರಲ್ಲಿ ನಿರೂಪಕ, ನಿರ್ಮಾಪಕ ಪಿಯೆರ್ ದೆಗ್ರೋಪ್ ಪ್ರಮುಖರು. ಅವರ ವೃತ್ತಿಜೀವನದ ಏರಿಳಿತಗಳು ಆ ದೇಶದ ಪ್ರಭುತ್ವ ಮತ್ತು ಮಾಧ್ಯಮಗಳ ಸಂಬಂಧದ ಚರಿತ್ರೆಯೂ ಹೌದು.

1918ರಲ್ಲಿ ಅಂಗುಲೇಮ್ ಪಟ್ಟಣದಲ್ಲಿ ಜನಿಸಿದ ದೆಗ್ರೋಪ್ ರೇಡಿಯೊ ಮೂಲಕ ದೂರದರ್ಶನಕ್ಕೆ ಬಂದವರು. 1953ರಲ್ಲಿ ಅವರು ಪಿಯೆರ್ ದ್ಯುಮಾಯೆ ಅವರೊಡಗೂಡಿ 'ಲೆಕ್ತ್ಯೂರ್ ಪೂರ್ ತೂಸ್', ಅಂದರೆ 'ಎಲ್ಲರಿಗಾಗಿ ಓದು', ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಹೊಸ ಪುಸ್ತಕಗಳನ್ನು ಕುರಿತು ಅವುಗಳ ಲೇಖಕರೊಡನೆಯೇ ನಡೆಸುವ ಈ ಸಂವಾದವು 1968ರವರೆಗೆ ಮುಂದುವರಿಯಿತು. 1957ರಲ್ಲಿ ದ್ಯುಮಾಯೆ ಅವರು ವಿವಾದಾಸ್ಪದ ಕಾದಂಬರಿಕಾರ ಸೆಲೀನ್ ಅವರನ್ನು ಸಂದರ್ಶಿಸಿದ್ದು ಇದರಲ್ಲಿಯೇ. ಕ್ಯಾಮೆರಾ ಲೇಖಕನ ಮುಖವನ್ನು ಸಮೀಪದಿಂದ ಹಿಡಿಯುತ್ತಿದ್ದುದರಿಂದ ಮಾತಿನಷ್ಟೇ ಮೌನವೂ ತಡವರಿಕೆಯೂ ಅರ್ಥವಂತವಾದವು. ಪುಟದ ಹಿಂದೆ ಮರೆಯಾಗಿದ್ದ ಲೇಖಕನು ಓದುಗನ ಮನೆಯೊಳಗೆ ಬಂದು ಉತ್ತರಿಸಬೇಕಾದ ಹೊಸ ಸಾಹಿತ್ಯಕ ಸಂದರ್ಭವೊಂದು ಹೀಗೆ ರೂಪುಗೊಂಡಿತು.

1959ರ ಜನವರಿಯಲ್ಲಿ ಆರಂಭವಾದ 'ಸ್ಯಾಂಕ್ ಕೊಲೋನ್ ಅ ಲ ಯೂನ್' ಎಂಬ ಮಾಸಿಕ ಕಾರ್ಯಕ್ರಮದಲ್ಲಿ ಪತ್ರಿಕಾ ಸಂಪಾದಕ ಪಿಯೆರ್ ಲಜಾರೆಫ್, ದ್ಯುಮಾಯೆ ಹಾಗೂ ಇಗೋರ್ ಬಾರೇರ್ ಅವರು ದೆಗ್ರೋಪ್‌ರ ಜೊತೆಗಾರರು. ಪತ್ರಿಕೆಯ ಮುಖಪುಟದ ಐದಂಕಣದ ಸುದ್ದಿಯನ್ನು ಸೂಚಿಸುವ ಈ ಹೆಸರೇ ಅದರ ಆಶಯವನ್ನು ಹೇಳುತ್ತದೆ. ಮೊದಲ ಸಂಚಿಕೆಯೇ ಅಲ್ಜೀರಿಯಾದ ಯುದ್ಧಭೂಮಿಯಲ್ಲಿದ್ದ ಸಾಮಾನ್ಯ ಸಾರ್ಜೆಂಟ್ ಒಬ್ಬನನ್ನೂ ಅವನ ತಂದೆತಾಯಿಗಳನ್ನೂ ತೋರಿಸಿತು. ಯುದ್ಧವು ಅಂಕಿಅಂಶಗಳ ಪ್ರಕಟಣೆಯಾಗಿ ಉಳಿಯದೆ ಮನೆಮನೆಯ ಆತಂಕವಾಗಿ ಕಾಣಿಸಿಕೊಂಡಿತು. 1968ರ ಮೇ ತಿಂಗಳ ವಿದ್ಯಾರ್ಥಿ ಚಳವಳಿಯ ಬಗೆಗೆ ದೂರದರ್ಶನ ತಾಳಿದ ಮೌನವನ್ನು ಈ ನಿರ್ಮಾಪಕರು ಬಹಿರಂಗವಾಗಿ ವಿರೋಧಿಸಿದರು. ಆ ಬಿಕ್ಕಟ್ಟಿನೊಂದಿಗೆ ಕಾರ್ಯಕ್ರಮವೂ ಕೊನೆಗೊಂಡಿತು.

1969ರಲ್ಲಿ ಪ್ರಧಾನಿ ಷಬಾನ್-ದೆಲ್ಮಾಸ್ ಅವರ ಉದಾರ ನೀತಿಯ ಫಲವಾಗಿ ದೆಗ್ರೋಪ್ ಮೊದಲ ವಾಹಿನಿಯ ಸುದ್ದಿವಿಭಾಗದ ಮುಖ್ಯಸ್ಥರಾದರು. ವಿರೋಧಪಕ್ಷಗಳ ದನಿಗೂ ಅಲ್ಲಿ ಸ್ಥಳ ದೊರೆಯಿತು. ಅಧ್ಯಕ್ಷ ಪಾಂಪಿದೂ ಅವರ ಪಾಳೆಯಕ್ಕೆ ಇದು ಹಿತವೆನಿಸಲಿಲ್ಲ. 1972ರಲ್ಲಿ ಷಬಾನ್-ದೆಲ್ಮಾಸ್ ಅಧಿಕಾರದಿಂದ ಇಳಿದೊಡನೆ ದೆಗ್ರೋಪ್ ಕೂಡ ಸ್ಥಾನ ಕಳೆದುಕೊಂಡರು.

ಮಿತ್ತೆರಾನ್ ಅಧ್ಯಕ್ಷರಾದ 1981ರಲ್ಲಿ ಅವರಿಗೆ 'ಅಂತೆನ್ ದ್ಯೂ' ವಾಹಿನಿಯ ಅಧ್ಯಕ್ಷತೆ ಒಲಿಯಿತು. ರಾತ್ರಿ ಎಂಟರ ಸುದ್ದಿಯ ಹೊಣೆಯನ್ನು ಕ್ರಿಸ್ತೀನ್ ಓಕ್ರಾಂ ಅವರಿಗೆ ವಹಿಸಿದ್ದು ಈ ಅವಧಿಯ ಗಮನಾರ್ಹ ನಿರ್ಧಾರ. ಆದರೆ ತಮ್ಮನ್ನು ನೇಮಿಸಿದ ಸರಕಾರಕ್ಕೂ ಅವರು ವಿಧೇಯರಾಗಲಿಲ್ಲ. ಸಾರ್ವಜನಿಕ ಸಂಸ್ಥೆಗಳ ಮುಖ್ಯಸ್ಥರಿಗೆ 65 ವರ್ಷಗಳ ಮಿತಿ ವಿಧಿಸಿದ 1984ರ ಕಾಯಿದೆಯಿಂದಾಗಿ ಅವರು ನಿರ್ಗಮಿಸಬೇಕಾಯಿತು.

ದೆಗ್ರೋಪ್ 1993ರಲ್ಲಿ ನಿಧನರಾದರು. ಬಲಪಂಥೀಯರ ಆಳ್ವಿಕೆಯಲ್ಲೊಮ್ಮೆ, ಎಡಪಂಥೀಯರ ಆಳ್ವಿಕೆಯಲ್ಲೊಮ್ಮೆ ಹುದ್ದೆ ತೊರೆಯಬೇಕಾಗಿ ಬಂದುದು ಅವರ ನಿಲುವಿಗೆ ದೊರೆತ ಪರೋಕ್ಷ ಪ್ರಮಾಣಪತ್ರವೆನ್ನಬೇಕು. ಲೇಖಕನೆದುರು ಕುಳಿತು ಕಲಿತ ಪ್ರಶ್ನಿಸುವ ಶಿಸ್ತನ್ನು ಅವರು ಅಧಿಕಾರದ ಎದುರಿನಲ್ಲಿಯೂ ಬಿಟ್ಟುಕೊಡಲಿಲ್ಲ.