ಶ್ರೀಮತಿ ಬರ್ಥಾ ಬೆಂಝ್

ಮೋಟಾರು ಗಾಡಿಯನ್ನು ನಿರ್ಮಿಸಿದವರು ಯಾರೆಂದು ಕೇಳಿದರೆ ನಮ್ಮ ವಿದ್ಯಾರ್ಥಿ ಬಂಧುಗಳು ಕಾರ್ಲ್ ಬೆಂಝ್ ಎಂದು ಥಟ್ಟನೆ ಹೇಳಿಯಾರು. ಆ ಗಾಡಿಯನ್ನು ಮೊದಲ ಸಲ ದೂರದೂರಿಗೆ ನಡೆಯಿಸಿ, ಹಾದಿಯಲ್ಲಿ ಅದು ಹಟ ಹಿಡಿದಾಗಲೆಲ್ಲ ಸರಿಪಡಿಸಿಕೊಂಡು ಮುಂದೆ ಸಾಗಿದವರು ಯಾರೆಂದರೆ ಹಲವರು ಸುಮ್ಮನಾಗುವರು. ಅದು ಅವನ ಹೆಂಡತಿಯ ಕೆಲಸ.

ಬರ್ಥಾ ರಿಂಗರ್ ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ 1849ನೆಯ ಇಸವಿ ಮೇ 3ರಂದು ಜನಿಸಿದಳು. ತಂದೆ ಅನುಕೂಲಸ್ಥನಾದ ಬಡಗಿ. 1872ರಲ್ಲಿ ಕಾರ್ಲ್ ಬೆಂಝ್‌ನೊಡನೆ ವಿವಾಹವಾಯಿತು. ಲಗ್ನಕ್ಕೆ ಮುನ್ನವೇ ಆಕೆಯು ತನಗೆ ಸಲ್ಲಬೇಕಾದ ಹಣವನ್ನು ತಂದೆಯಿಂದ ಪಡೆದು, ಭಾವೀ ಪತಿಯ ಕಾರ್ಖಾನೆಯಲ್ಲಿ ಪಾಲುಗಾರನಾಗಿದ್ದವನಿಗೆ ಕೊಟ್ಟು ಅವನನ್ನು ಬಿಡಿಸಿದಳು. ನಮ್ಮ ಕಡೆ ವರದಕ್ಷಿಣೆಯ ಹಣ ಎಲ್ಲೆಲ್ಲಿಗೆ ಹೋಗುವುದೆಂಬುದನ್ನು ಬಲ್ಲವರು ಈ ಸಂಗತಿಯ ಮುಂದೆ ತುಸು ನಿಂತು ಆಲೋಚಿಸಬೇಕು. ಮುಂದಿನ ವರ್ಷಗಳು ಸಾಲದಲ್ಲಿಯೇ ಕಳೆದವು.

1886ರ ಜನವರಿ 29ರಂದು ಬೆಂಝ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟು ಕೋರಿದ. ಆದರೆ ಕೊಳ್ಳುವವರಿಲ್ಲ. ಕುದುರೆಯಿಲ್ಲದೆ ಸದ್ದು ಮಾಡುತ್ತ ಓಡುವ ಈ ಬಂಡಿಯನ್ನು ಜನರು ನೋಡಿ ನಕ್ಕರೇ ಹೊರತು ನಂಬಲಿಲ್ಲ. ಬೆಂಝ್ ಮಹಾಶಯನೋ ಅಳುಕಿನ ಸ್ವಭಾವದವನು. ಯಂತ್ರದಲ್ಲಿ ಇನ್ನೂ ಏನಾದರೊಂದು ತಿದ್ದಬೇಕೆಂದು ಕುಳಿತಿರುವವನು. ಮನೆಯ ಹಣವೆಲ್ಲ ಅದರಲ್ಲಿ ಹೂತುಹೋಗಿತ್ತು. ಗಾಡಿ ಮಾರಾಟವಾಗದಿದ್ದರೆ ನಾಲ್ಕು ಮಕ್ಕಳ ಆ ಸಂಸಾರದ ಗತಿಯೇನು?

1888ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಗಂಡನಿಗೆ ತಿಳಿಸದೆ, ಯೂಗನ್ ಮತ್ತು ರಿಚರ್ಡ್ ಎಂಬ ಇಬ್ಬರು ಹುಡುಗರನ್ನು ಕರೆದುಕೊಂಡು, ಬರ್ಥಾ ಮಾನ್‌ಹೈಮ್‌ನಿಂದ ತವರೂರಿಗೆ ಗಾಡಿ ಹೊರಡಿಸಿದಳು. ಹಾದಿ ಸುಮಾರು 105 ಕಿಲೋಮೀಟರು. ಜಮಖಂಡಿಯಿಂದ ವಿಜಯಪುರಕ್ಕೆ ಹೋಗಿ ಮರಳುವುದಕ್ಕಿಂತ ತುಸು ಕಡಿಮೆ. ಅದುವರೆಗೆ ಆ ಗಾಡಿ ಊರ ಸುತ್ತಮುತ್ತಲಿನ ಓಡಾಟವನ್ನಷ್ಟೇ ಕಂಡಿತ್ತು.

ಇಲ್ಲಿ ಆ ಯಂತ್ರದ ಸ್ವರೂಪವನ್ನು ಸ್ವಲ್ಪ ಹೇಳಲೇಬೇಕು. ಪೆಟ್ರೋಲು ನೀರಿನಂತಿರುವಾಗ ಇಂಜಿನಿನಲ್ಲಿ ಸರಿಯಾಗಿ ಉರಿಯದು. ಅದು ಆವಿಯಾಗಿ ತಕ್ಕಷ್ಟು ಗಾಳಿಯೊಡನೆ ಬೆರೆಯಬೇಕು. ಈ ಬೆರಕೆ ಮಾಡುವ ಪಾತ್ರೆಯೇ ಕಾರ್ಬ್ಯುರೇಟರು. ಬೆಂಝ್‌ನ ಗಾಡಿಯಲ್ಲಿ ಬೇರೆ ಟ್ಯಾಂಕು ಇರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಹಿಡಿಯುವ ನಾಲ್ಕೂವರೆ ಲೀಟರೇ ಇದ್ದಬದ್ದ ಇಂಧನ. ಅದರ ಮೇಲ್ಮೈಯಿಂದೇಳುವ ಆವಿಯನ್ನು ಇಂಜಿನು ಎಳೆದುಕೊಳ್ಳುತ್ತಿತ್ತು. ಸಣ್ಣ ರಂಧ್ರದಿಂದ ಪೆಟ್ರೋಲನ್ನು ಚಿಮ್ಮಿಸುವ ಕಾರ್ಬ್ಯುರೇಟರನ್ನು ವಿಲ್ಹೆಲ್ಮ್ ಮೈಬಾಕ್ ರೂಪಿಸಿದ್ದು ಮುಂದೆ, 1893ರಲ್ಲಿ. ನಮ್ಮ ಹಳೆಯ ಅಂಬಾಸಿಡರು, ಫಿಯಟ್ಟುಗಳಲ್ಲಿದ್ದದ್ದು ಆ ಜಾತಿಯದು. ಅವುಗಳಲ್ಲಿ ಚೋಕ್ ಎಂಬುದೊಂದಿತ್ತು: ತಣ್ಣಗಿರುವ ಇಂಜಿನಿನಲ್ಲಿ ಪೆಟ್ರೋಲು ಬೇಗ ಆವಿಯಾಗದ ಕಾರಣ, ಗಾಳಿಯನ್ನು ತಡೆದು ಬೆರಕೆಯನ್ನು ಗಟ್ಟಿಗೊಳಿಸುವುದು ಅದರ ಕೆಲಸ. ಇಂಜಿನು ಬಿಸಿಯಾದ ಮೇಲೂ ಚೋಕನ್ನು ಒಳಗೆ ತಳ್ಳದಿದ್ದರೆ ಕರಿಹೊಗೆ ಬಂದು, ಪ್ಲಗ್ಗು ಮಸಿ ಹಿಡಿದು, ಗಾಡಿ ನಿಲ್ಲುವುದು. ಇದರಲ್ಲಿ ಗಾಡಿಯ ತಪ್ಪೇನೂ ಇಲ್ಲ. ಬರ್ಥಾಳಿಗೆ ಈ ಸೌಕರ್ಯವೂ ಇರಲಿಲ್ಲ. ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಇಂಜಿನು ಚಾಲೂ ಮಾಡಬೇಕಿತ್ತು.

ವೀಸ್‌ಲೋಖ್ ಎಂಬ ಊರಿಗೆ ಬರುವಷ್ಟರಲ್ಲಿ ಇಂಧನ ತೀರಿತು. ಪೆಟ್ರೋಲು ಬಂಕು ಎಂಬ ಮಾತೇ ಹುಟ್ಟಿರದ ಕಾಲ. ಬಟ್ಟೆಯ ಕಲೆ ತೆಗೆಯಲು ಔಷಧದ ಅಂಗಡಿಯಲ್ಲಿ ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ಸುರಿದಳು. ಇಂಧನದ ನಳಿಗೆಯಲ್ಲಿ ಕಸ ಸಿಕ್ಕಿ ಇಂಜಿನು ಉಸಿರು ಬಿಟ್ಟಾಗ ತನ್ನ ಟೋಪಿಯ ಸೂಜಿಯನ್ನು ತೆಗೆದು ನಳಿಗೆ ಬಿಡಿಸಿದಳು. (ಹಳೆಯ ಕಾರುಳ್ಳವರು ಇದನ್ನು ಅನುಕರಿಸಬಾರದು, ಜೆಟ್ಟಿನ ಸೂಕ್ಷ್ಮ ರಂಧ್ರಕ್ಕೆ ಸೂಜಿ ಹಾಕಿದರೆ ಅದು ಹಿಗ್ಗಿ ಪೆಟ್ರೋಲು ಹೆಚ್ಚು ಕುಡಿಯತೊಡಗುವುದು. ಗಾಳಿ ಊದಿ ಬಿಡಿಸುವುದೇ ಲೇಸು.) ಕಿಡಿಯ ತಂತಿ ಸವೆದಾಗ ಕಾಲುಚೀಲದ ಪಟ್ಟಿಯೇ ಅದಕ್ಕೆ ಹೊದಿಕೆಯಾಯಿತು. ಬ್ರೂಖ್‌ಸಾಲ್‌ನಲ್ಲಿ ಕಮ್ಮಾರನೊಬ್ಬ ಸರಪಳಿ ಸರಿಪಡಿಸಿದ. ಬ್ರೇಕಿನ ಮರದ ತುಂಡು ಸವೆಯಲು ಅದಕ್ಕೆ ಚರ್ಮ ಹೊಡೆಸಿದಳು. ದಿಬ್ಬ ಬಂದಾಗ ಹುಡುಗರು ಇಳಿದು ತಳ್ಳಿದರು. ನೀರು ಸಿಕ್ಕಲ್ಲೆಲ್ಲ ಇಂಜಿನಿಗೆ ನೀರು ಹೊಯ್ದರು. ಹೊತ್ತು ಮುಳುಗುವ ಸಮಯಕ್ಕೆ ಫೋರ್ಟ್ಸ್‌ಹೈಮ್ ತಲುಪಿ ಗಂಡನಿಗೆ ತಂತಿ ಕಳಿಸಿದಳು.

ಇದೆಲ್ಲ ಅದೃಷ್ಟದಿಂದಾಯಿತೆಂದು ತಿಳಿಯುವವರಿದ್ದಾರೆ. ನನಗೆ ಹಾಗೆನಿಸದು. ಕೆಟ್ಟದ್ದು ಇಂಧನವೋ ಕಿಡಿಯೋ ಎಂಬುದನ್ನು ಮೊದಲು ಬೇರ್ಪಡಿಸಿ ತಿಳಿಯದವಳು ಸೂಜಿಯನ್ನು ಎಲ್ಲಿ ಚುಚ್ಚಿಯಾಳು? ವರ್ಷಗಟ್ಟಲೆ ಆ ಯಂತ್ರದ ಬಳಿ ನಿಂತು ಕಲಿತದ್ದು ಅದು. ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೆ ಮಗ್ಗದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿತೆಂಬುದು ಗೊತ್ತಾಗುತ್ತದೆ. ಸೀರೆಯ ಮೇಲೆ ಅವರ ಹೆಸರು ಬರುವುದಿಲ್ಲ.

ಕೆಲದಿನಗಳ ಮೇಲೆ ಗಾಡಿಯಲ್ಲಿಯೇ ಮರಳಿದ ಬರ್ಥಾ, ದಿಬ್ಬ ಏರಲು ಇನ್ನೊಂದು ಗೇರು ಬೇಕೆಂದು ಗಂಡನಿಗೆ ಸೂಚಿಸಿದಳು, ಅವನು ಅಳವಡಿಸಿದ. ಸುದ್ದಿ ಹಬ್ಬಿತು, ಗಾಡಿಗೆ ಗಿರಾಕಿಗಳು ಬರತೊಡಗಿದರು. ಮುಂದೆ ಸಂಸಾರವು ಲಾಡನ್‌ಬುರ್ಗ್‌ಗೆ ಹೋಗಿ ನೆಲೆಸಿತು. 1929ರಲ್ಲಿ ಕಾರ್ಲ್ ತೀರಿಕೊಂಡ. 1944ರ ಮೇ 3ರಂದು, ಆಕೆಯ 95ನೆಯ ಹುಟ್ಟುಹಬ್ಬಕ್ಕೆ, ಪತಿ ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯವು ಗೌರವ ಸೆನೆಟರ್ ಪದವಿಯಿತ್ತಿತು. ಎರಡು ದಿನಗಳ ನಂತರ, ಮೇ 5ರಂದು, ಬರ್ಥಾ ಕಾಲವಾದಳು. ಲಿಗ್ರಾಯಿನ್ ಕೊಂಡ ವೀಸ್‌ಲೋಖ್‌ನ ಆ ಔಷಧದ ಅಂಗಡಿಯ ಮುಂದೆ ಇಂದು ಆಕೆಯ ಪ್ರವಾಸದ ಸ್ಮಾರಕವಿದೆ.